‘ನೋಡಿದ ಹಾಗಾಯ್ತು’: ಸೇಲಂನಲ್ಲಿ ಕೊಂಡ ಒಂದು ಕಥೆ ಪುಸ್ತಕ

ಈ ಪುಸ್ತಕ ನನ್ನ ಕೈಗೆ ಬಂದದ್ದು ಕಳೆದ ಅಕ್ಟೋಬರಿನಲ್ಲಿ. ಆಗ ನಾನು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಮಗಳ ಮನೆಯಲ್ಲಿದ್ದೆ. ಒಂದು ಶನಿವಾರ ಅವಳು ನನ್ನನ್ನು ಸೇಲಂಗೆ ಕರೆದುಕೊಂಡು ಹೋದಳು. ಬಾಸ್ಟನ್‌ನಿಂದ ರೈಲಿನಲ್ಲಿ ಅರ್ಧ ಗಂಟೆ. ಆ ತಿಂಗಳು ಅಲ್ಲಿ ಜಾತ್ರೆಯಷ್ಟು ಜನ. ಮಾಟಗಾತಿಯ ಚೂಪು ಟೋಪಿ ಹಾಕಿಕೊಂಡ ಮಕ್ಕಳು ಬೀದಿ ತುಂಬಾ ಓಡಾಡುತ್ತಿದ್ದರು. ಗದ್ದಲ ತಡೆಯಲಾಗದೆ ಒಂದು ಹಳೆ ಪುಸ್ತಕದ ಅಂಗಡಿ ಹೊಕ್ಕೆವು. ಅಲ್ಲಿ 6 ಡಾಲರಿಗೆ ಸಿಕ್ಕಿದ್ದು ಇದು. 19ನೇ ಶತಮಾನದ ಅಮೆರಿಕದ ಸಣ್ಣಕಥೆಗಳ ಪೇಪರ್‌ಬ್ಯಾಕ್. ಒಟ್ಟು 11 ಕಥೆ. ಹೆಚ್ಚಿನವು ನಥಾನಿಯಲ್ ಹಾಥಾರ್ನ್ ಅವರವು, ಉಳಿದವು ಎಡ್ಗರ್ ಅಲನ್ ಪೋ ಅವರವು.

ಕಾಲೇಜು ಮಕ್ಕಳಿಗೆ ಅಂತ ಮಾಡಿದ ಪುಸ್ತಕ. ಪ್ರತಿ ಪುಟದ ಕೆಳಗೂ ಟಿಪ್ಪಣಿ ಇದೆ. ಕೊನೆಯಲ್ಲಿ ನಾಲ್ಕು ಪುಟದ ‘ಸಂಕೇತಗಳ ಪಟ್ಟಿ’ ಇದೆ. ಪ್ರಕಾಶಕರ ಹೆಸರು ಬರೆಯುವುದಿಲ್ಲ. ಈ ಥರದ ಪುಸ್ತಕಗಳು ಬೇಕಾದಷ್ಟು ಇವೆ, ಯಾರಾದರೂ ಒಂದನ್ನು ಕೊಳ್ಳುವ ಮೊದಲು ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ.

ನಾನು ಸಾಹಿತ್ಯ ಓದಿದವಳಲ್ಲ. ಶಿವಮೊಗ್ಗ ಜಿಲ್ಲೆಯ ಕೋರ್ಟುಗಳಲ್ಲಿ 31 ವರ್ಷ ಸ್ಟೆನೋ ಆಗಿದ್ದೆ. ಸಾಕ್ಷಿ ಕಟಕಟೆ ಹತ್ತುತ್ತಾರೆ. ವಕೀಲರು ಕೇಳುತ್ತಾರೆ, ಸಾಕ್ಷಿ ಹೇಳುತ್ತಾರೆ. ಸಾಹೇಬರು, ಅಂದರೆ ನ್ಯಾಯಾಧೀಶರು, ಅದನ್ನು ಜೋಡಿಸಿ ಉಕ್ತಲೇಖನ ಕೊಡುತ್ತಾರೆ. ನಾನು ಟೈಪ್ ಮಾಡುತ್ತೇನೆ. ಮೊದಲು ಟೈಪ್‌ರೈಟರ್, ಆಮೇಲೆ ಕಂಪ್ಯೂಟರ್. ಏನನ್ನೋ ಮುಚ್ಚಿಟ್ಟುಕೊಂಡ ಜನರಿಂದ ನಾಲ್ಕೇ ಅಡಿ ದೂರದಲ್ಲಿ ಕೂತು ಇಡೀ ನೌಕರಿ ಮಾಡಿದ್ದೇನೆ. ಒಳಗಿನ ಪಾಪವನ್ನು ಕುರಿತ ಕಥೆಗಳು ಅಂತ ಹಿಂದಿನ ಕವರಿನಲ್ಲಿ ನೋಡಿದ ಕೂಡಲೇ ಕೊಂಡೆ.

ನಮ್ಮ ಕೆಲಸದಲ್ಲಿ ಒಂದು ಸೂಕ್ಷ್ಮ ಇದೆ. ಅದನ್ನು ಹೇಳದಿದ್ದರೆ ಈ ಪುಸ್ತಕ ನನಗೆ ಯಾಕೆ ಹಿಡಿಸಿತು ಅಂತ ಗೊತ್ತಾಗುವುದಿಲ್ಲ. ಹಳ್ಳಿಯ ಸಾಕ್ಷಿಗಳು ‘ನೋಡಿದೆ’ ಅಂತ ಸಲೀಸಾಗಿ ಹೇಳುವುದಿಲ್ಲ. ‘ನೋಡಿದ ಹಾಗಾಯ್ತು’ ಅನ್ನುತ್ತಾರೆ. ‘ಅವನೇ ಇರಬೇಕು ಅನ್ನಿಸಿತು’ ಅನ್ನುತ್ತಾರೆ. ಉಕ್ತಲೇಖನ ಆಗುವಾಗ ಆ ‘ಹಾಗಾಯ್ತು’ ಎಷ್ಟೋ ಸಲ ಉದುರಿ ಹೋಗುತ್ತದೆ. ಹಾಳೆಯ ಮೇಲೆ ‘ನೋಡಿದೆನು’ ಅಂತ ಮಾತ್ರ ಉಳಿಯುತ್ತದೆ.

ಹಾಥಾರ್ನ್ ಆ ‘ಹಾಗಾಯ್ತು’ ಅನ್ನುವುದನ್ನು ಎಲ್ಲೂ ಉದುರಲು ಬಿಡುವುದಿಲ್ಲ. ಈ ಪುಸ್ತಕದ ಟಿಪ್ಪಣಿಕಾರರು ಅದನ್ನು ಒಂದೊಂದಾಗಿ ಕಿತ್ತು ಹಾಕಿದ್ದಾರೆ. ನನ್ನ ದೂರು ಇದೊಂದೇ. ಆದರೆ ಇದು ಸಣ್ಣ ದೂರಲ್ಲ.

ಮೊದಲ ಕಥೆ ‘ಯಂಗ್ ಗುಡ್‌ಮನ್ ಬ್ರೌನ್’. 1835ರಲ್ಲಿ ಅಚ್ಚಾದದ್ದು. ಬ್ರೌನ್ ಹೊಸದಾಗಿ ಮದುವೆಯಾದ ಹುಡುಗ. ಸೇಲಂ ಹಳ್ಳಿಯಿಂದ ಮುಸ್ಸಂಜೆ ಹೊತ್ತಿನಲ್ಲಿ ಕಾಡಿಗೆ ಹೊರಡುತ್ತಾನೆ. ಯಾಕೆ ಅಂತ ಹೆಂಡತಿಗೂ ಹೇಳುವುದಿಲ್ಲ. ಹೆಂಡತಿಯ ಹೆಸರು ಫೇತ್, ಅಂದರೆ ನಂಬಿಕೆ. ಅವಳ ಟೋಪಿಯಲ್ಲಿ ಗುಲಾಬಿ ಬಣ್ಣದ ರಿಬ್ಬನ್. ಕಾಡಿನಲ್ಲಿ ಒಬ್ಬ ಹಿರಿಯ ಜೊತೆಯಾಗುತ್ತಾನೆ. ಅವನ ಕೈಯಲ್ಲಿ ಹಾವಿನ ಆಕಾರದ ದೊಣ್ಣೆ. ಅದು ಹೊರಳಾಡಿದ ಹಾಗೆ ಕಾಣುತ್ತದೆ. ಮುಂದಿನ ಸಾಲಿನಲ್ಲೇ ಹಾಥಾರ್ನ್ ಹೇಳುತ್ತಾರೆ, ಇದು ಮಬ್ಬು ಬೆಳಕಿನಲ್ಲಿ ಕಣ್ಣು ಮಾಡಿದ ಮೋಸ ಇರಬೇಕು ಅಂತ. ಆಮೇಲೆ ಊರಿನ ಪಾದ್ರಿಯ ದನಿ ಕೇಳುತ್ತದೆ, ಮನುಷ್ಯರು ಕಾಣುವುದಿಲ್ಲ. ಇಡೀ ಊರಿನ ಸಭ್ಯಸ್ಥರು ಕತ್ತಲಲ್ಲಿ ಸೈತಾನನ ಸಭೆಗೆ ಸೇರಿದ್ದಾರೆ. ಬ್ರೌನ್‌ಗೆ ಹಾಗೆ ಕಂಡಿತು.

ಈ ಕಥೆಯಲ್ಲಿ ಕೈಗೆ ಸಿಗುವ ಗಟ್ಟಿ ವಸ್ತು ಒಂದೇ ಒಂದು. ಆಕಾಶದಿಂದ ಏನೋ ಹಾರಾಡುತ್ತಾ ಬಂದು ಕೊಂಬೆಗೆ ಸಿಕ್ಕಿಕೊಳ್ಳುತ್ತದೆ. ಬ್ರೌನ್ ಹಿಡಿದು ನೋಡಿದರೆ ಗುಲಾಬಿ ರಿಬ್ಬನ್. ಹೆಂಡತಿಯೂ ಇಲ್ಲಿಗೇ ಬಂದಿದ್ದಾಳೆ ಅಂತ ಅವನ ಎದೆ ಒಡೆಯುತ್ತದೆ. ಕೋರ್ಟಿನ ಮಾತಿನಲ್ಲಿ ಹೇಳಿದರೆ ಇದು ಮುದ್ದೆಮಾಲು, ಅಂದರೆ ಪುರಾವೆಯಾಗಿ ಹಾಜರು ಮಾಡುವ ವಸ್ತು. ಆದರೆ ಬೆಳಿಗ್ಗೆ ಅವನು ಊರಿಗೆ ವಾಪಸ್ ಬಂದಾಗ ಫೇತ್ ಓಡಿ ಬರುತ್ತಾಳೆ. ರಿಬ್ಬನ್ ಅವಳ ತಲೆಯ ಮೇಲೇ ಇದೆ! ಕಾಡಿನಲ್ಲಿ ಸಿಕ್ಕಿದ್ದು ಹಾಗಾದರೆ ಯಾವುದು? ಹಾಥಾರ್ನ್ ಉತ್ತರ ಕೊಡುವುದಿಲ್ಲ. ಬ್ರೌನ್ ನಿದ್ದೆ ಹೋಗಿ ಕೆಟ್ಟ ಕನಸು ಕಂಡಿರಬಹುದೇ ಅಂತ ಕೇಳಿ ಸುಮ್ಮನಾಗುತ್ತಾರೆ. ಆದರೆ ಬ್ರೌನ್‌ಗೆ ಅನುಮಾನವೇ ಇಲ್ಲ. ಅವನು ‘ನೋಡಿದ ಹಾಗಾಯ್ತು’ ಅನ್ನುವುದನ್ನು ‘ನೋಡಿದೆ’ ಅಂತ ಬರೆದುಕೊಂಡುಬಿಟ್ಟಿದ್ದಾನೆ. ಆ ಒಂದು ಪದದ ಮೇಲೆ ಸಾಯುವ ತನಕ ಹೆಂಡತಿಯನ್ನು, ಪಾದ್ರಿಯನ್ನು, ಊರನ್ನೆಲ್ಲ ದೂರ ಇಟ್ಟು ಬದುಕುತ್ತಾನೆ.

ನಮ್ಮ ಪುಸ್ತಕದ ಟಿಪ್ಪಣಿ ಏನು ಹೇಳುತ್ತದೆ ಗೊತ್ತಾ? ‘ಗುಲಾಬಿ ರಿಬ್ಬನ್: ಮುಗ್ಧತೆ. ಕಾಡು: ದುಷ್ಟತನ. ದೊಣ್ಣೆ: ಸೈತಾನ.’ ಮುಗೀತು. ಬೆಳಿಗ್ಗೆ ರಿಬ್ಬನ್ ತಲೆಯ ಮೇಲೆ ಇದ್ದದ್ದರ ಬಗ್ಗೆ ಒಂದಕ್ಷರ ಇಲ್ಲ. ಈ ಪ್ರತಿಯನ್ನು ನನಗಿಂತ ಮೊದಲು ಓದಿದ ಯಾರೋ ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದ್ದಾರೆ. ಟಿಪ್ಪಣಿಗಿಂತ ಆ ಚಿಹ್ನೆಯೇ ನನಗೆ ಜಾಸ್ತಿ ಹೇಳಿತು.

ಇನ್ನೊಂದು ವಿಷಯವನ್ನೂ ಟಿಪ್ಪಣಿ ಹೇಳಬೇಕಿತ್ತು. ಹೇಳಿಲ್ಲ. ಅದನ್ನು ನಾನು ಸೇಲಂನ ಬೀದಿಯಲ್ಲೇ ತಿಳಿದುಕೊಂಡೆ. 1692ರಲ್ಲಿ ಆ ಊರಿನಲ್ಲಿ ಮಾಟದ ಆರೋಪದ ಮೇಲೆ 19 ಜನರನ್ನು ಗಲ್ಲಿಗೆ ಹಾಕಿದರು. ಜೈಲ್ಸ್ ಕೋರಿ ಎಂಬ ಮುದುಕನ ಮೇಲೆ ಕಲ್ಲು ಹೇರಿ ಕೊಂದರು. ಆಗ ವಿಚಾರಣೆ ನಡೆಸಿದ ನ್ಯಾಯಾಧೀಶರಲ್ಲಿ ಒಬ್ಬರು ಜಾನ್ ಹಾಥಾರ್ನ್. ಕಥೆಗಾರರ ಮುತ್ತಜ್ಜನ ತಂದೆ. ಕಥೆಗಾರರು ತರುಣರಾಗಿದ್ದಾಗ ತಮ್ಮ ಹೆಸರಿನ ಇಂಗ್ಲಿಷ್ ಕಾಗುಣಿತಕ್ಕೆ ‘ಡಬ್ಲ್ಯೂ’ ಅಕ್ಷರ ಸೇರಿಸಿಕೊಂಡರು. ಕನ್ನಡದಲ್ಲಿ ಬರೆದರೆ ಆ ಅಕ್ಷರ ನಿಲ್ಲುವುದಿಲ್ಲ. ಇಬ್ಬರ ಹೆಸರೂ ಒಂದೇ ಆಗಿಬಿಡುತ್ತದೆ.

ಆ ವಿಚಾರಣೆಯ ಬರಹಗಳು ಉಳಿದಿವೆ. ಸಾರಾ ಗುಡ್ ಎಂಬ ಹೆಂಗಸನ್ನು ಜಾನ್ ಹಾಥಾರ್ನ್ ಕೇಳಿದ ಮೊದಲ ಪ್ರಶ್ನೆಯೇ, ನಿನಗೆ ಯಾವ ದುಷ್ಟಶಕ್ತಿಯ ಜೊತೆ ಒಡನಾಟ ಅಂತ. ಇದೆಯಾ ಅಂತ ಕೇಳಲಿಲ್ಲ. ಯಾವುದು ಅಂತ ಕೇಳಿದರು. ಅವಳು ಇಲ್ಲ ಅಂದಳು. ಹಾಗಾದರೆ ಈ ಮಕ್ಕಳಿಗೆ ಯಾಕೆ ತೊಂದರೆ ಕೊಡುತ್ತೀಯಾ ಅಂತ ಮತ್ತೆ ಕೇಳಿದರು. ನಮ್ಮ ಕೋರ್ಟಿನಲ್ಲಾಗಿದ್ದರೆ ಯಾವ ವಕೀಲರಾದರೂ ಎದ್ದು ನಿಲ್ಲುತ್ತಿದ್ದರು. ಅಲ್ಲಿ ಅವಳ ಪರ ನಿಲ್ಲುವವರೇ ಇರಲಿಲ್ಲ. ಇಂಥವಳ ರೂಪ ರಾತ್ರಿ ಬಂದು ನನ್ನನ್ನು ಹಿಂಸಿಸಿತು ಅಂತ ಯಾರಾದರೂ ಹೇಳಿದರೆ ಅದೂ ಸಾಕ್ಷಿ. ರೂಪ ಕಂಡ ಹಾಗಾಯ್ತು ಅನ್ನುವುದು ‘ಕಂಡೆ’ ಅಂತಾಗಿ, ಅದರಿಂದ ಜೀವ ಹೋಯಿತು. ತಪ್ಪು ಒಪ್ಪಿಕೊಂಡವರು ಬದುಕಿ ಉಳಿದರು. ತಾನು ಮಾಡದ್ದನ್ನು ಮಾಡಿಲ್ಲ ಅಂತ ಕೊನೆಯವರೆಗೂ ಹೇಳಿದವರು ನೇಣಿಗೇರಿದರು.

ಬ್ರೌನ್ ಕಥೆಯ ಕಾಡಿನಲ್ಲಿ ಬರುವ ಮುದುಕಿಯ ಹೆಸರು ಗುಡಿ ಕ್ಲಾಯ್ಸ್. ‘ಗುಡಿ’ ಅಂದರೆ ಆಗ ಮದುವೆಯಾದ ಹೆಂಗಸರ ಹೆಸರಿನ ಮುಂದೆ ಸೇರಿಸುತ್ತಿದ್ದ ಪದ. ಇದು 1692ರ ನಿಜವಾದ ಹೆಸರು. ಸಾರಾ ಕ್ಲಾಯ್ಸ್ ಆರೋಪಕ್ಕೆ ಸಿಕ್ಕಿ ಹೇಗೋ ಬದುಕಿ ಬಂದವಳು. ಅವಳ ಇಬ್ಬರು ಅಕ್ಕಂದಿರು, ರೆಬೆಕ್ಕಾ ನರ್ಸ್ ಮತ್ತು ಮೇರಿ ಈಸ್ಟಿ, ಗಲ್ಲಿಗೇರಿದರು. ಬ್ರೌನ್ ಕಾಡಿನಲ್ಲಿ ‘ಕಂಡದ್ದು’ ಅಂಥ ನಿರಪರಾಧಿಗಳನ್ನು. ಇದು ಗೊತ್ತಾದ ಮೇಲೆ ಕಥೆ ಪೂರ್ತಿ ತಿರುಗಿ ನಿಲ್ಲುತ್ತದೆ ಅಲ್ವಾ? ಪಾಪ ಯಾರದು? ಸಭೆಗೆ ಬಂದವರದೋ, ಬಂದರು ಅಂತ ಕಂಡವನದೋ?

ಪುಸ್ತಕ ಕೊಂಡ ದಿನವೇ ಮಗಳ ಜೊತೆ ಹಳೆಯ ಸ್ಮಶಾನಕ್ಕೆ ಹೋದೆ. ಚಾರ್ಟರ್ ಬೀದಿಯಲ್ಲಿದೆ. 1717ರಲ್ಲಿ ತೀರಿಕೊಂಡ ಜಾನ್ ಹಾಥಾರ್ನ್ ಅವರ ಸಮಾಧಿ ಕಲ್ಲು ಅಲ್ಲಿದೆ. ಪಕ್ಕದಲ್ಲೇ 1992ರಲ್ಲಿ ಮಾಡಿದ ಸ್ಮಾರಕ. ಕಲ್ಲಿನ ಗೋಡೆಯಿಂದ ಹೊರಗೆ ಚಾಚಿದ 20 ಕಲ್ಲು ಬೆಂಚು. ಒಂದೊಂದರ ಮೇಲೂ ಒಂದು ಹೆಸರು, ಸತ್ತ ದಿನ, ಸಾಯಿಸಿದ ಬಗೆ. ಒಳಗೆ ಹೋಗುವ ಕಡೆ ನೆಲದ ಕಲ್ಲಿನ ಮೇಲೆ ಅವರು ತಾವು ನಿರಪರಾಧಿಗಳು ಅಂತ ಹೇಳಿದ ಮಾತುಗಳನ್ನು ಕೆತ್ತಿದ್ದಾರೆ. ಮಾತು ಅರ್ಧಕ್ಕೇ ಗೋಡೆಯ ಅಡಿಗೆ ಹೋಗಿ ಮುಗಿಯುತ್ತದೆ. ನಾನು ಬಗ್ಗಿ ನೋಡಿದೆ, ಉಳಿದ ಅರ್ಧ ಎಲ್ಲಾದರೂ ಕಾಣುತ್ತದಾ ಅಂತ. ಅಷ್ಟು ವರ್ಷ ಬೇರೆಯವರ ಮಾತು ಬರೆದುಕೊಂಡವಳಿಗೆ ಆ ಅರ್ಧ ಸಾಲುಗಳನ್ನು ದಾಟಿ ಕಾಲಿಡಲು ಆಗಲಿಲ್ಲ. ಪಕ್ಕದಿಂದ ಹೋದೆ. ರೆಬೆಕ್ಕಾ ನರ್ಸ್ ಹೆಸರಿನ ಬೆಂಚಿನ ಮೇಲೆ ಯಾರೋ ಒಂದು ಬಿಳಿ ಹೂ ಇಟ್ಟಿದ್ದರು.

ಆ ನ್ಯಾಯಾಧೀಶರಲ್ಲಿ ಸ್ಯಾಮ್ಯುಯೆಲ್ ಸೀವಾಲ್ ಎಂಬವರು 1697ರಲ್ಲಿ ಬಾಸ್ಟನ್ನಿನ ತಮ್ಮ ಚರ್ಚಿನಲ್ಲಿ ಎದ್ದು ನಿಂತರು. ಅವರ ತಪ್ಪೊಪ್ಪಿಗೆಯನ್ನು ಪಾದ್ರಿ ಎಲ್ಲರ ಮುಂದೆ ಓದಿದರು. ಜಾನ್ ಹಾಥಾರ್ನ್ ಹಾಗೆ ನಿಲ್ಲಲಿಲ್ಲ. ಆ ಕೆಲಸ ಮುಂದಿನ ತಲೆಗಳಿಗೆ ಉಳಿಯಿತು. 1850ರಲ್ಲಿ ಕಥೆಗಾರ ಹಾಥಾರ್ನ್, ನನ್ನ ಹಿರಿಯರ ನಾಚಿಕೆಯನ್ನು ನಾನು ಹೊರುತ್ತೇನೆ ಅಂತ ಅರ್ಥ ಬರುವ ಹಾಗೆ ಬರೆದರು. ಇದೆಲ್ಲ ಟಿಪ್ಪಣಿಯಲ್ಲಿ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ‘ಕಾಡು: ದುಷ್ಟತನ’ ಅಂತ ಯಾರು ಬೇಕಾದರೂ ಬರೆಯುತ್ತಾರೆ.

ಎರಡನೆಯ ಕಥೆ ‘ದಿ ಮಿನಿಸ್ಟರ್ಸ್ ಬ್ಲ್ಯಾಕ್ ವೇಲ್’, 1836ರದ್ದು. ಮಿಲ್ಫರ್ಡ್ ಊರಿನ ಪಾದ್ರಿ ಹೂಪರ್ ಒಂದು ಭಾನುವಾರ ಮುಖಕ್ಕೆ ಕಪ್ಪು ಬಟ್ಟೆ ಇಳಿಬಿಟ್ಟುಕೊಂಡು ಚರ್ಚಿಗೆ ಬರುತ್ತಾರೆ. ಕಾರಣ ಹೇಳುವುದಿಲ್ಲ. ಮದುವೆಯಾಗಬೇಕಿದ್ದ ಎಲಿಜಬೆತ್ ಒಂದೇ ಒಂದು ಸಲ ಎತ್ತಿ ಮುಖ ತೋರಿಸಿ ಅಂದರೂ ಎತ್ತುವುದಿಲ್ಲ. ಮದುವೆ ಮುರಿಯುತ್ತದೆ. ಮುದುಕರಾಗಿ ಸಾಯುವಾಗಲೂ ಬಟ್ಟೆ ತೆಗೆಯಲು ಬಿಡುವುದಿಲ್ಲ. ಅದರ ಜೊತೆಯೇ ಮಣ್ಣಾಗುತ್ತಾರೆ.

ಈ ಕಥೆಯಲ್ಲಿ ಒಂದು ಶವಸಂಸ್ಕಾರ ಬರುತ್ತದೆ. ಸತ್ತವಳು ಎಳೆಯ ಹುಡುಗಿ. ಹೂಪರ್ ಬಗ್ಗಿದಾಗ ಬಟ್ಟೆ ಮುಂದಕ್ಕೆ ಜೋತು ಬೀಳುತ್ತದೆ. ಹುಡುಗಿ ಕಣ್ಣು ಬಿಟ್ಟಿದ್ದರೆ ಅವರ ಮುಖ ಕಾಣುತ್ತಿತ್ತು. ಅವರು ಗಾಬರಿಯಿಂದ ಬಟ್ಟೆ ಹಿಡಿದುಕೊಳ್ಳುತ್ತಾರೆ. ಆ ಕ್ಷಣ ಹೆಣ ಸಣ್ಣಗೆ ನಡುಗಿತು ಅಂತ ಒಬ್ಬ ಮುದುಕಿ ಹೇಳುತ್ತಾಳೆ. ಪಾದ್ರಿಯೂ ಆ ಹುಡುಗಿಯ ಆತ್ಮವೂ ಕೈ ಹಿಡಿದು ನಡೆದ ಹಾಗೆ ಮೆರವಣಿಗೆಯಲ್ಲಿ ಇಬ್ಬರಿಗೆ ಅನ್ನಿಸುತ್ತದೆ. ಅನ್ನಿಸುತ್ತದೆ, ಅಷ್ಟೇ. ಪೋ ಅವರು 1842ರಲ್ಲಿ ಹಾಥಾರ್ನ್ ಕಥೆಗಳ ವಿಮರ್ಶೆ ಬರೆದಾಗ, ಪಾದ್ರಿ ಆ ಹುಡುಗಿಯ ವಿಷಯದಲ್ಲಿ ಘೋರ ಅಪರಾಧ ಮಾಡಿದ್ದಾನೆ ಅಂತಲೇ ತೀರ್ಮಾನ ಮಾಡಿದರು. ಅಷ್ಟು ದೊಡ್ಡ ಲೇಖಕರೂ ಆ ಇಬ್ಬರ ಮಾತಿನಿಂದ ‘ಹಾಗನ್ನಿಸಿತು’ ಅನ್ನುವುದನ್ನು ಬಿಟ್ಟುಬಿಟ್ಟರಲ್ಲ ಅಂತ ನನಗೆ ಬೇಜಾರಾಯಿತು. ನಮ್ಮ ಟಿಪ್ಪಣಿಕಾರರೂ ಅದೇ ದಾರಿ ಹಿಡಿದಿದ್ದಾರೆ.

ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಆ ಬಟ್ಟೆ ಮುಖವನ್ನೆಲ್ಲ ಮುಚ್ಚುತ್ತದೆ, ಬಾಯಿ ಮತ್ತು ಗದ್ದ ಬಿಟ್ಟು. ಮಾತು ಹೊರಗೆ ಬರುತ್ತದೆ, ಕಣ್ಣು ಕಾಣುವುದಿಲ್ಲ. ನಾನು ಟೈಪ್ ಮಾಡಿದ ಸಾವಿರಾರು ಹಾಳೆಗಳೂ ಹೀಗೇ. ಅವುಗಳಲ್ಲಿ ಬಾಯಿ ಮಾತ್ರ ಇದೆ. ಸಾಕ್ಷಿ ಹೇಳುವಾಗ ಅವರ ಹಾವಭಾವ ಹೇಗಿತ್ತು ಅಂತ ಷರಾ ಬರೆಯಲು ದಂಡ ಪ್ರಕ್ರಿಯಾ ಸಂಹಿತೆಯ 280ನೇ ಕಲಮಿನಲ್ಲಿ ಅವಕಾಶ ಇತ್ತು. ಅದನ್ನು ಬರೆಸಿದ ಸಾಹೇಬರು ನನ್ನ ನೌಕರಿಯಲ್ಲಿ ಬೆರಳೆಣಿಕೆಯಷ್ಟು. ಒಬ್ಬ ಯಜಮಾನರು ಸ್ವಂತ ತಮ್ಮನ ವಿರುದ್ಧ ಸಾಕ್ಷಿ ಹೇಳುವಾಗ ಹೆಗಲ ಮೇಲಿನ ಕೆಂಪು ಟವೆಲ್ಲಿನ ಅಂಚಿನಿಂದ ಒಂದೊಂದೇ ನೂಲು ಎಳೆದು ಕಟಕಟೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಹನ್ನೆರಡು ನೂಲು. ನಾನು ಎಣಿಸಿದ್ದೆ. ಹಾಳೆಯಲ್ಲಿ ಅದು ಇಲ್ಲ.

ಇನ್ನು ಪೋ ಅವರ ‘ದಿ ಟೆಲ್-ಟೇಲ್ ಹಾರ್ಟ್’. ಇದು 1843ರ ಜನವರಿಯಲ್ಲಿ ಬಾಸ್ಟನ್ನಿನ ಒಂದು ಪತ್ರಿಕೆಯಲ್ಲಿ ಬಂದಿತ್ತು. ಕಥೆ ಎಲ್ಲರಿಗೂ ಗೊತ್ತಿರುವುದೇ. ಕಥೆ ಹೇಳುವವನೇ ಒಬ್ಬ ಮುದುಕನನ್ನು ಕೊಂದು ನೆಲದ ಹಲಗೆ ಕೆಳಗೆ ಮುಚ್ಚಿ, ಅದರ ಮೇಲೇ ಕುರ್ಚಿ ಹಾಕಿಕೊಂಡು ಪೊಲೀಸರ ಜೊತೆ ಹರಟುತ್ತಾನೆ. ಹತ್ತಿಯಲ್ಲಿ ಸುತ್ತಿದ ಗಡಿಯಾರದಂಥ ಸದ್ದು ಅವನಿಗೆ ಕೇಳತೊಡಗುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇಲ್ಲಿ ಕಳ್ಳ ಅಂತ ಯಾರೂ ಅಂದೇ ಇಲ್ಲ. ಆದರೂ ತಾನೇ ಕೂಗಿ ಹೇಳಿಬಿಡುತ್ತಾನೆ. ಇವನ ಮಾತಿನಲ್ಲಿ ‘ಹಾಗಾಯ್ತು’ ಇಲ್ಲವೇ ಇಲ್ಲ. ಕೇಳಿತು ಅಂದರೆ ಕೇಳಿತು. ಸ್ವರ್ಗದ್ದೂ ಕೇಳಿತು, ನರಕದ್ದೂ ಕೇಳಿತು ಅನ್ನುವವನು. ಅಷ್ಟು ಗಟ್ಟಿಯಾಗಿ ಹೇಳುವುದರಿಂದಲೇ ನಮಗೆ ಅನುಮಾನ. ಇಂಥ ಸಾಕ್ಷಿಗಳನ್ನೂ ನೋಡಿದ್ದೇನೆ. ತಡವರಿಸದವರನ್ನು ಕಂಡರೆ ಹಳೆಯ ವಕೀಲರು ಪಾಟೀ ಸವಾಲಿಗೆ, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನೆ ಮಾಡಲು, ಖುಷಿಯಿಂದ ಏಳುತ್ತಿದ್ದರು. ಪೋ ಅವರ ಉಳಿದ ಕಥೆಗಳೂ ಭಯ ಹುಟ್ಟಿಸುತ್ತವೆ, ಚೆನ್ನಾಗಿವೆ. ಆದರೆ ನನ್ನನ್ನು ರಾತ್ರಿ ಎಬ್ಬಿಸಿದ್ದು ಅವಲ್ಲ.

ಎಬ್ಬಿಸಿದ್ದು ಹಾಥಾರ್ನ್ ಅವರ ‘ರೋಜರ್ ಮಾಲ್ವಿನ್ಸ್ ಬರಿಯಲ್’. ಇದರ ಹೆಸರನ್ನೇ ನಾನು ಕೇಳಿರಲಿಲ್ಲ. 1832ರಲ್ಲಿ ಬಂದದ್ದು. ಈ ಪುಸ್ತಕ ಕೊಳ್ಳುವುದಕ್ಕೆ ಇದೊಂದೇ ಕಾರಣ ಸಾಕು.

1725ರಲ್ಲಿ ಬಿಳಿಯರಿಗೂ ಮೂಲನಿವಾಸಿಗಳಿಗೂ ಒಂದು ಕಾಳಗ ಆಗುತ್ತದೆ. ಅದರಲ್ಲಿ ಗಾಯಗೊಂಡ ಇಬ್ಬರು ಕಾಡಿನಲ್ಲಿ ಮನೆ ಕಡೆಗೆ ನಡೆಯುತ್ತಿದ್ದಾರೆ. ರೋಜರ್ ಮಾಲ್ವಿನ್ ವಯಸ್ಸಾದವರು, ಇನ್ನು ಬದುಕುವುದಿಲ್ಲ. ರೂಬೆನ್ ಬೋರ್ನ್ ಹುಡುಗ, ಅವರ ಮಗಳು ಡಾರ್ಕಸ್‌ಳನ್ನು ಮದುವೆಯಾಗಬೇಕಾದವನು. ನೀನಾದರೂ ಬದುಕು, ಹೋಗು ಅಂತ ಮುದುಕರೇ ಅವನನ್ನು ಒತ್ತಾಯ ಮಾಡಿ ಕಳಿಸುತ್ತಾರೆ. ಅವನು ಒಂದು ಎಳೆಯ ಓಕ್ ಮರದ ತುದಿಗೆ ರಕ್ತ ಮೆತ್ತಿದ ಕರವಸ್ತ್ರ ಕಟ್ಟುತ್ತಾನೆ. ವಾಪಸ್ ಬಂದು ನಿಮ್ಮನ್ನು ಕಾಪಾಡುತ್ತೇನೆ, ಇಲ್ಲದಿದ್ದರೆ ಮಣ್ಣು ಮಾಡುತ್ತೇನೆ ಅಂತ ಮಾತು ಕೊಡುತ್ತಾನೆ. ಹೋಗುತ್ತಾನೆ. ಇಲ್ಲಿಯವರೆಗೆ ತಪ್ಪೇನೂ ಇಲ್ಲ.

ಊರಿನಲ್ಲಿ ಅವನು ಜ್ವರದಲ್ಲಿ ಮಲಗಿರುವಾಗ ಡಾರ್ಕಸ್ ಅಪ್ಪನ ವಿಷಯ ಕೇಳುತ್ತಾಳೆ. ಅವನು ಹೇಳಲು ಶುರು ಮಾಡುತ್ತಾನೆ, ತಡವರಿಸುತ್ತಾನೆ. ಅವಳೇ ಅಂದುಕೊಳ್ಳುತ್ತಾಳೆ, ಅಪ್ಪ ಇವನ ಕೈಯಲ್ಲೇ ಪ್ರಾಣ ಬಿಟ್ಟರು ಅಂತ. ಕಾಡಿನಲ್ಲಿ ಗುಂಡಿ ತೋಡಿ ಮಣ್ಣು ಮಾಡಿದೆಯಾ ಅಂತ ಕೇಳುತ್ತಾಳೆ. ಅವನು, ನನ್ನ ಕೈಗೆ ಶಕ್ತಿ ಇರಲಿಲ್ಲ, ಆದಷ್ಟು ಮಾಡಿದೆ, ಅವರ ತಲೆಯ ಮೇಲೆ ಒಳ್ಳೆಯ ಸಮಾಧಿ ಕಲ್ಲು ಇದೆ ಅನ್ನುತ್ತಾನೆ. ಅಲ್ಲಿ ಕಲ್ಲು ಇರುವುದು ನಿಜ. ಅದು ಒಂದು ದೊಡ್ಡ ಬಂಡೆ. ಇದರಲ್ಲಿ ಸುಳ್ಳು ಎಲ್ಲಿದೆ ಹುಡುಕಿ ನೋಡಿ. ಅವನು ಸುಳ್ಳು ಹೇಳಲಿಲ್ಲ. ಅವಳು ತಪ್ಪಾಗಿ ತಿಳಿದುಕೊಂಡದ್ದನ್ನು ತಿದ್ದಲಿಲ್ಲ, ಅಷ್ಟೇ. ಊರೆಲ್ಲ ಅವನನ್ನು ಹೊಗಳುತ್ತದೆ. ಒಂದೊಂದು ದಿನ ಕಳೆದ ಹಾಗೂ ತಿದ್ದುವುದು ಕಷ್ಟವಾಗುತ್ತದೆ. ಮದುವೆಯಾಗುತ್ತದೆ. ಅವನು ಸಿಡುಕನಾಗುತ್ತಾನೆ, ಹೊಲ ಹಾಳಾಗುತ್ತದೆ. 18 ವರ್ಷದ ನಂತರ ಹೆಂಡತಿ, 15 ವರ್ಷದ ಮಗ ಸೈರಸ್ ಜೊತೆ ಹೊಸ ಜಾಗ ಹುಡುಕಿಕೊಂಡು ಕಾಡಿಗೆ ಹೊರಡುತ್ತಾನೆ. ಕಾಲು ತಾನಾಗಿ ಅದೇ ಕಡೆ ಎಳೆಯುತ್ತದೆ. ಪೊದೆಯಲ್ಲಿ ಏನೋ ಅಲುಗಾಡಿತು ಅಂತ ಗುಂಡು ಹೊಡೆಯುತ್ತಾನೆ. ಸತ್ತದ್ದು ಮಗ. ಬಿದ್ದದ್ದು ಅದೇ ಬಂಡೆಯ ಬುಡದಲ್ಲಿ. ಓಕ್ ಮರ ಈಗ ದೊಡ್ಡದಾಗಿದೆ. ಕೆಳಗೆಲ್ಲ ಹಸಿರು. ಕರವಸ್ತ್ರ ಕಟ್ಟಿದ್ದ ತುದಿ ಕೊಂಬೆ ಮಾತ್ರ ಒಣಗಿದೆ.

ಪಟ್ಟಿಯಲ್ಲಿ ‘ಒಣ ಕೊಂಬೆ: ಪಾಪಪ್ರಜ್ಞೆ’ ಅಂತಿದೆ. ಆ ಕೊಂಬೆ ಅದಕ್ಕಿಂತ ದೊಡ್ಡದು. ಅವನು ಮಾತು ಕಟ್ಟಿದ್ದು ಅಲ್ಲಿ. ಉಳಿದ ಮರ ಬೆಳೆಯಿತು, ಮಾತು ಕಟ್ಟಿದ ಜಾಗ ಬೆಳೆಯಲಿಲ್ಲ. ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ನಿಜ ಅನ್ನಿಸಿದ ವಸ್ತು ಇದು. ಕೊನೆಯಲ್ಲಿ ಅವನ ಪಾಪ ಕಳೆಯಿತು ಅಂತ ಹಾಥಾರ್ನ್ ಬರೆಯುತ್ತಾರೆ. ಅಲ್ಲಿ ಮಾತ್ರ ನನಗೆ ಒಪ್ಪಿಗೆಯಿಲ್ಲ. ಏನೂ ಮಾಡದ ಹುಡುಗನ ಜೀವ ಕೊಟ್ಟು ಅಪ್ಪನ ಲೆಕ್ಕ ಚುಕ್ತಾ ಆಗುವುದು ಯಾವ ನ್ಯಾಯ? ಡಾರ್ಕಸ್ ಆ ಬಂಡೆಯ ಹತ್ತಿರ ಬಂದು ಕಿರುಚಿ ಬೀಳುತ್ತಾಳೆ. ಅವಳ ಲೆಕ್ಕ ಯಾರು ನೋಡುತ್ತಾರೆ?

ಈಗ ನನ್ನ ಮಾತು ಹೇಳಬೇಕು. ಹೇಳದೆ ಈ ಕಥೆಯನ್ನು ಹೊಗಳಿದರೆ ಅರ್ಧ ಮಾತಾಗುತ್ತದೆ.

ನೌಕರಿಗೆ ಸೇರಿದ ಹೊಸತು. ಹುಲ್ಲಿನ ಬಣವೆಗೆ ಬೆಂಕಿ ಇಟ್ಟ ಕೇಸು. ಪಕ್ಕದ ಮನೆಯ ಹೆಂಗಸು ಸಾಕ್ಷಿ. ‘ಅವನನ್ನು ನೋಡಿದ ಹಾಗಾಯ್ತು ಸ್ವಾಮಿ, ಹೊಗೆ ಇತ್ತು’ ಅಂದಳು. ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು. ಉಕ್ತಲೇಖನ ಬಂತು: ‘ಆರೋಪಿಯು ಓಡಿಹೋಗುವುದನ್ನು ನಾನು ನೋಡಿದೆನು.’ ನನ್ನ ಬೆರಳು ಒಂದು ಗಳಿಗೆ ನಿಂತಿತು. ಆಮೇಲೆ ಟೈಪ್ ಮಾಡಿತು. ಕೊನೆಯಲ್ಲಿ ಹೇಳಿಕೆಯನ್ನು ಓದಿ ಹೇಳಿದರು. ಸರಿ ಇದೆಯಾ ಅಂದರು. ಅವಳು ನನ್ನ ಮುಖ ನೋಡಿದಳು. ನಾನು ಕಾರ್ಬನ್ ಹಾಳೆ ಸರಿ ಮಾಡುತ್ತಿದ್ದೆ. ‘ಹ್ಞೂಂ’ ಅಂದಳು, ಹೆಬ್ಬೆಟ್ಟು ಒತ್ತಿದಳು. ಅವನಿಗೆ ಶಿಕ್ಷೆಯಾಯಿತು. ಬೇರೆ ಸಾಕ್ಷಿಗಳೂ ಇದ್ದರು. ಆ ಒಂದು ಪದದಿಂದ ಆಯಿತು ಅಂತ ನಾನು ಹೇಳಲಾರೆ. ಆ ಪದದಿಂದ ಆಗಲಿಲ್ಲ ಅಂತಲೂ ಹೇಳಲಾರೆ. ಅಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಸಾಹೇಬರಿಗೆ ಹಾಗೇ ಕೇಳಿಸಿರಬಹುದು. ನನಗೆ ಸರಿಯಾಗಿ ಕೇಳಿಸಿತ್ತು.

ಕಥೆ ಓದಿ ಮುಗಿಸಿದಾಗ ರಾತ್ರಿ ಎರಡು ಗಂಟೆ. ಮಗಳು ನೀರು ಕುಡಿಯಲು ಎದ್ದು ಬಂದವಳು, ಇನ್ನೂ ಮಲಗಿಲ್ವಾ ಅಮ್ಮ ಅಂದಳು. ಅವಳಿಗೆ ಹೇಳಿದೆ. ಅಷ್ಟು ವರ್ಷದಲ್ಲಿ ಮೊದಲ ಸಲ. ಅವಳು ಸಮಾಧಾನ ಮಾಡಲಿಲ್ಲ. ಪಕ್ಕದಲ್ಲಿ ಕೂತು, ‘ಆ ಹೆಂಗಸಿನ ಹೆಸರು ನೆನಪಿದೆಯಾ?’ ಅಂತ ಕೇಳಿದಳು. ಇದೆ ಅಂದೆ. ಅವನ ಹೆಸರೂ ನೆನಪಿದೆ. ಕೇಸ್ ನಂಬರೂ ನೆನಪಿದೆ.

ಉಳಿದ ಕಥೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಈಥನ್ ಬ್ರ್ಯಾಂಡ್’ನಲ್ಲಿ ಸುಣ್ಣದ ಭಟ್ಟಿಯ ಬೆಂಕಿಯ ವರ್ಣನೆ ತುಂಬಾ ಚೆನ್ನಾಗಿದೆ. ಕ್ಷಮೆಯೇ ಇಲ್ಲದ ಪಾಪ ಯಾವುದು ಅಂತ ಊರೂರು ಹುಡುಕಿ, ಕೊನೆಗೆ ತನ್ನ ಎದೆಯಲ್ಲೇ ಕಂಡುಕೊಂಡವನ ಕಥೆ. ಎದೆಯಲ್ಲಿ ಹಾವು ಇಟ್ಟುಕೊಂಡವನ ಕಥೆಯೊಂದಿದೆ. ಅದು ನನಗೆ ಹಿಡಿಸಲಿಲ್ಲ. ಅಲ್ಲಿ ಅರ್ಥವನ್ನು ಹಾಥಾರ್ನ್ ಅವರೇ ಬಿಡಿಸಿ ಹೇಳಿಬಿಡುತ್ತಾರೆ.

ಕೊಳ್ಳುವವರಿಗೆ ಕೆಲವು ಮಾತು. ಹಾಥಾರ್ನ್ ಅವರ ಇಂಗ್ಲಿಷ್ ಹಳೆಯದು, ವಾಕ್ಯ ಉದ್ದ. ನಾನು ಫೋನಿನಲ್ಲಿ ನಿಘಂಟು ತೆರೆದಿಟ್ಟುಕೊಂಡೇ ಓದಿದೆ. ಎರಡನೆಯ ಕಥೆಯ ಹೊತ್ತಿಗೆ ಅಭ್ಯಾಸ ಆಗುತ್ತದೆ. ಕಷ್ಟ ಪದಗಳಿಗೆ ಅರ್ಥ ಕೊಡುವ ಮಟ್ಟಿಗೆ ಕೆಳಗಿನ ಟಿಪ್ಪಣಿಗಳು ಉಪಯೋಗಕ್ಕೆ ಬರುತ್ತವೆ. ಅಚ್ಚು ತೀರಾ ಸಣ್ಣದು. ಅರವತ್ತು ದಾಟಿದವರು ಕನ್ನಡಕ ಇದ್ದರೂ ಹಗಲು ಬೆಳಕಿನಲ್ಲೇ ಓದಬೇಕು. ಒಳ ಅಂಚು ಕಿರಿದು, ಪುಸ್ತಕವನ್ನು ಪೂರ್ತಿ ಬಿಡಿಸಿ ಹಿಡಿದರೆ ಮಾತ್ರ ಸಾಲಿನ ಕೊನೆ ಕಾಣುತ್ತದೆ. ಹಾಗೆ ಹಿಡಿದದ್ದರಿಂದಲೇ ಅಂಟು ಬಿಟ್ಟು, ‘ರೋಜರ್ ಮಾಲ್ವಿನ್’ ಕಥೆಯ ಹಾಳೆಗಳು ಕಿತ್ತು ಬಂದವು. ಓದುವ ಕ್ರಮದ ಬಗ್ಗೆ ಕೇಳಿದರೆ, ಮೊದಲು ‘ರೋಜರ್ ಮಾಲ್ವಿನ್’, ಆಮೇಲೆ ‘ಬ್ಲ್ಯಾಕ್ ವೇಲ್’, ಅದಾದ ಮೇಲೆ ‘ಗುಡ್‌ಮನ್ ಬ್ರೌನ್’. ಟಿಪ್ಪಣಿಯನ್ನು ಎರಡನೆಯ ಓದಿಗೆ ಇಟ್ಟುಕೊಳ್ಳಿ.

ಊರಿಗೆ ಬಂದ ಮೇಲೆ ಪುಸ್ತಕವನ್ನು ನಾನೇ ಹೊಲಿದೆ. ಕೋರ್ಟಿನಲ್ಲಿ ಫೈಲು ಹೊಲಿಯುವ ಹಾಗೆ, ಅಂಚಿಗೆ ಮೂರು ತೂತು ಮಾಡಿ, ದಬ್ಬಳದಲ್ಲಿ ದಪ್ಪ ದಾರ ಪೋಣಿಸಿ, ಹಿಂದೆ ಗಂಟು ಹಾಕಿದೆ. ಗಟ್ಟಿಯಾಗಿ ನಿಂತಿದೆ. ಕೊನೆಯ ನಾಲ್ಕು ಪುಟ, ಆ ಸಂಕೇತಗಳ ಪಟ್ಟಿಯನ್ನು, ಹೊಲಿಗೆಗೆ ಸೇರಿಸಲಿಲ್ಲ. ಬಿಡಿ ಹಾಳೆಯಾಗಿ ಮಡಚಿ ಒಳಗೆ ಇಟ್ಟಿದ್ದೇನೆ.